ಪಡುಕರೆಯಲ್ಲಿ ವಾಲಿದ ಕೋಣಗಳು

ಕೋಣಗಳು ಎಡಕ್ಕೆ ವಾಲಿದಾಗ ನಾನು ಗ್ಯಾಲರಿಯ ಕಂಬದ ಬುಡದಲ್ಲಿ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದೆ. ಮೊದಲು ಕೇಳಿಸಿದ್ದು ಓಟಗಾರನ ಕೂಗು. ತಿರುಗಿ ನೋಡುವಷ್ಟರಲ್ಲಿ ನೊಗದ ತುದಿ ದಂಡೆಗೆ ತಾಗಿ, ಕೆಸರು ರಪ್ಪನೆ ನನ್ನ ಮುಖಕ್ಕೆ ಬಡಿಯಿತು. ಓಟಗಾರ ಹಗ್ಗ ಬಿಟ್ಟು ನೀರಿನಲ್ಲಿ ಹೊರಳಿದ. ಕೋಣಗಳೆರಡೂ ದಂಡೆಗೆ ಎದೆ ಕೊಟ್ಟು ನಿಂತುಬಿಟ್ಟವು. ಕಂಬಳದ ದಿನ ನಾನು ನಿಂತ ಜಾಗದಲ್ಲೇ ಅತಿಥಿಗಳು, ಅವರ ಮಕ್ಕಳು ಕುಳಿತಿರುತ್ತಾರೆ ಎಂಬುದು ಮುಖ ಒರೆಸಿಕೊಳ್ಳುವಾಗ ಹೊಳೆಯಿತು.

ಅದು ಕುದಿಯ ದಿನ. ಕಂಬಳಕ್ಕೆ ಮೊದಲು ಕೋಣಗಳನ್ನು ಕರೆಗೆ ಇಳಿಸಿ ಓಡಿಸಿ ನೋಡುವುದನ್ನು ನಮ್ಮಲ್ಲಿ ಕುದಿ ಎನ್ನುತ್ತಾರೆ. ಬೆಟ್ಟಂಪಾಡಿಯ ಆಚೆ ಹೊಸದಾಗಿ ಮಾಡಿದ ಜೋಡುಕರೆ ಅದು. ಕೆಸರು ನೀರಿನ ಎರಡು ಉದ್ದನೆಯ ಓಟದ ದಾರಿಗಳು, ನಡುವೆ ಒಂದು ದಂಡೆ, ಹೊರಗೆ ಎರಡು ದಂಡೆ. ಪೂರ್ವದ್ದು ಮೂಡುಕರೆ, ಪಶ್ಚಿಮದ್ದು ಪಡುಕರೆ; ಪಡುಕರೆಯ ಹೊರದಂಡೆಯ ಮೇಲೆ ಅತಿಥಿಗಳ ಗ್ಯಾಲರಿ. ದಕ್ಷಿಣದ ತುದಿಯ ಗಂತಿನಲ್ಲಿ ಕೋಣ ಬಿಡುತ್ತಾರೆ. ಅವು ಉತ್ತರದ ಏರು, ಅಂದರೆ ಮಂಜೊಟ್ಟಿ, ಹತ್ತಿ ನಿಲ್ಲಬೇಕು. ನನ್ನ ಕೆಲಸ ಕರೆಯ ಸುರಕ್ಷತೆ. ಕುದುರೆ ರೇಸಿನ ಮೈದಾನದಲ್ಲಿ ಟ್ರ್ಯಾಕ್ ನೋಡಿಕೊಳ್ಳುವ ನಾನು ರಜೆಯಲ್ಲಿ ಕಬಕದ ಮನೆಗೆ ಬಂದಿದ್ದೆ. ಕರೆ ಸರಿ ಇದೆ ಎಂದು ತಿಳಿದವರೊಬ್ಬರು ಸಹಿ ಹಾಕದೆ ಕಂಬಳ ಬೇಡ ಎಂದು ಸಮಿತಿಯವರು ತಾವೇ ಒಂದು ನಿಯಮ ಮಾಡಿಕೊಂಡಿದ್ದರು. ಸಹಿ ಹಾಕಲು ಹುಡುಕುವಾಗ ನಾನು ಸಿಕ್ಕಿದೆ. "ಕುದುರೆ ಬಿಟ್ಟು ಈಗ ಕೋಣದ ಬಾಲ ಹಿಡಿದೆಯಾ?" ಎಂದು ಉಮ್ಮ ನಕ್ಕಿದ್ದರು.

ವಾಲಿದ ಜೋಡಿ ಬೆಟ್ಟಂಪಾಡಿಯದ್ದೇ. ಯಜಮಾನ್ತಿಯನ್ನು ಊರಿನವರೆಲ್ಲ ಅಕ್ಕ ಎನ್ನುತ್ತಿದ್ದರು. ಸೆರಗನ್ನು ಸೊಂಟಕ್ಕೆ ಬಿಗಿದು ಹಟ್ಟಿಯ ಕೆಲಸಕ್ಕೆ ತಾವೇ ನಿಲ್ಲುವ ಹೆಂಗಸು, ಮಾತು ಸುಣ್ಣದ ನೀರಿನ ಹಾಗೆ ಚುರುಕು. ಓಟಗಾರ ಆಲೆಟ್ಟಿಯವನು. ವಾರವೆಲ್ಲ ಸುಳ್ಯದ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ, ಕಂಬಳದ ಕಾಲದಲ್ಲಿ ಈ ಜೋಡಿಯ ಹಿಂದೆ ಓಟ. ಕೋಣಗಳು ಕರುಗಳಾಗಿದ್ದಾಗಿನಿಂದ ಅವನೇ ಅವುಗಳನ್ನು ಪಳಗಿಸಿದ್ದ.

"ಹಗ್ಗ ಎಳೆದದ್ದು ಯಾಕೆ?" ಎಂದು ಅಕ್ಕ ದಂಡೆಯ ಮೇಲಿಂದಲೇ ಕೇಳಿದರು.

"ನಾನು ಎಳೆಯಲಿಲ್ಲ ಅಕ್ಕ. ಅವೇ ಹೋದದ್ದು."

"ಅವೇ ಹೋಗುದಾದ್ರೆ ನೀನು ಹಿಂದೆ ಎಂತಕ್ಕೆ ಇರುದು ಮಾರಾಯ?"

ಆ ಸಂಜೆ ಇನ್ನೊಮ್ಮೆ ಬಿಟ್ಟರು. ಅದೇ ಜಾಗ, ಅದೇ ವಾಲು. ಈ ಸಲ ಓಟಗಾರ ಬೀಳಲಿಲ್ಲ, ಆದರೆ ಅವನ ಮೊಣಕಾಲು ದಂಡೆಗೆ ಬಡಿದು ಊದಿಕೊಂಡಿತು. ಅಕ್ಕ, ಮತ್ತೊಬ್ಬ ಓಟಗಾರನನ್ನು ನೋಡಿಟ್ಟಿದ್ದೇನೆ, ಕಂಬಳದೊಳಗೆ ಇದು ಸರಿಯಾಗದಿದ್ದರೆ ಹಗ್ಗ ಅವನ ಕೈಗೆ ಎಂದಷ್ಟೇ ಹೇಳಿ ಹೋದರು. ಓಟಗಾರ ಕಾಲು ತೊಳೆಯುತ್ತಾ ಕೂತಿದ್ದ. "ನೀವು ರೇಸಿನವರಲ್ವಾ ಸಾಯ್ಬ್ರೆ, ಕರೆಯಲ್ಲಿ ಏನೋ ಉಂಟು. ನೋಡಿ ಒಮ್ಮೆ," ಎಂದ. ಅವನ ದನಿಯಲ್ಲಿ ದೂರು ಇರಲಿಲ್ಲ. ಅದೇ ನನಗೆ ಕಷ್ಟವಾಯಿತು.

ನೋಡಿದೆ. ಮರುದಿನ ಬೆಳಿಗ್ಗೆ ಕಬ್ಬಿಣದ ಸರಳಿಗೆ ಗುರುತು ಹಾಕಿಕೊಂಡು ಪಡುಕರೆಗೆ ಇಳಿದೆ. ಕುದುರೆ ಮೈದಾನದಲ್ಲಿ ನೆಲದ ಗಟ್ಟಿತನ ಅಳೆಯಲು ಉಪಕರಣ ಇರುತ್ತದೆ. ಇಲ್ಲಿ ಸರಳೇ ಸಾಕು, ಎಷ್ಟು ಆಳಕ್ಕೆ ಹೋಗುತ್ತದೆ, ಎಲ್ಲಿ ತಡೆಯುತ್ತದೆ ಎಂದು ಕೈಗೆ ಗೊತ್ತಾಗುತ್ತದೆ. ಗಂತಿನಿಂದ ಮಂಜೊಟ್ಟಿಯವರೆಗೆ ಅಡ್ಡಕ್ಕೂ ಉದ್ದಕ್ಕೂ ಚುಚ್ಚಿದೆ. ಕಲ್ಲಿಲ್ಲ, ಬೇರಿಲ್ಲ, ಹೊಂಡವಿಲ್ಲ. ಕೆಸರು ಎರಡೂ ಕರೆಯಲ್ಲಿ ಹೆಚ್ಚುಕಡಿಮೆ ಒಂದೇ ಆಳ. ಗ್ಯಾಲರಿಯ ಎದುರು ಹೊರದಂಡೆಯ ಮಣ್ಣು ಮಾತ್ರ ಸ್ವಲ್ಪ ಮೆತ್ತಗೆ ಅನಿಸಿತು. ಆಚೆ ಬದಿಯಲ್ಲಿ ತೋಡು ಹರಿಯುತ್ತಿತ್ತು, ಅದರ ಒಸರು ಇರಬೇಕು ಎಂದುಕೊಂಡೆ. ಅಲ್ಲಿ ಒಂದು ಸಾಲು ಮರಳಿನ ಚೀಲ ಇಡಿಸಿ ಮುಂದೆ ಹೋದೆ.

ನನಗೆ ಸಮಾಧಾನ ಆಗಲಿಲ್ಲ. ಅಳತೆಗೆ ಸಿಗದ ತಗ್ಗು ಇದ್ದರೂ ಇರಬಹುದೆಂದು ಪಡುಕರೆಯ ನೀರು ಬಿಡಿಸಿ, ಮಣ್ಣು ಹದಗೊಳಿಸಿ, ಹಲಗೆ ಎಳೆಸಿ, ಮತ್ತೆ ನೀರು ತುಂಬಿಸಿದೆ. ಸಮಿತಿಯ ಅಧ್ಯಕ್ಷರು ದಿನವಿಡೀ ದಂಡೆಯ ಮೇಲೆ ಕೊಡೆ ಹಿಡಿದು ನಿಂತಿದ್ದರು. ಬಿಸಿಲಿಗೂ ಕೊಡೆ, ಬೇಸರಕ್ಕೂ ಕೊಡೆ.

"ಸಾಯ್ಬ್ರೆ, ಇದು ಕುದುರೆಗೆ ಹಾಸುವ ಹುಲ್ಲಲ್ಲ. ಕೆಸರು. ಕೆಸರಿಗೆ ಎಂತ ಇಸ್ತ್ರಿ ಹಾಕುದಾ?"

"ಅತಿಥಿಗಳ ಮಡಿಲಿಗೆ ಕೋಣ ಬಂದು ಕೂತ್ರೆ ಆಗ ಹೇಳಿ."

ಅವರು ಕೊಡೆ ಮಡಚಿ ನಕ್ಕರು. ಕಾಸಿನ ಆಸೆಯವರಲ್ಲ, ಒಳ್ಳೆಯವರು. ಕರೆಗಾಗಿ ತಮ್ಮ ಜಾಗ ಬಿಟ್ಟುಕೊಟ್ಟವರು. ಆದರೆ ಗ್ಯಾಲರಿ ಅವರ ಹೆಮ್ಮೆ. ಓಟದ ಬಿಸಿ ಏರುವ ಜಾಗದಲ್ಲೇ ಅತಿಥಿಗಳು ಕೂರಬೇಕು ಎಂದು ಹಟ ಹಿಡಿದು ಕಟ್ಟಿಸಿದ್ದರು. ಬೇರೆ ಎಲ್ಲಿ ಕಟ್ಟಿಸಿದ್ದರೂ ನನಗೆ ಇಷ್ಟು ಸಂಕಟ ಇರುತ್ತಿರಲಿಲ್ಲ.

ಹದ ಮಾಡಿದ ಕರೆಯಲ್ಲಿ ಮರುದಿನ ಬೆಳಿಗ್ಗೆ ಅಕ್ಕನ ಜೋಡಿ ಗೆರೆ ಎಳೆದ ಹಾಗೆ ನೇರ ಓಡಿತು. ನಾನು ಕೇಕೆ ಹಾಕದಿರಲು ತುಟಿ ಕಚ್ಚಿಕೊಂಡೆ. ಓಟಗಾರ ಮಂಜೊಟ್ಟಿಯಿಂದ ನನ್ನ ಕಡೆ ಕೈ ಎತ್ತಿದ. ಮಧ್ಯಾಹ್ನ ಊಟ ಮುಗಿಸಿ ಮತ್ತೆ ಬಿಟ್ಟರು, ಜೋಡಿ ಸೀದಾ ಗ್ಯಾಲರಿಗೆ ವಾಲಿತು. ಮರಳಿನ ಚೀಲವೊಂದು ಒಡೆದು ಹೋಯಿತು. ಬೆಳಿಗ್ಗೆ ನೇರ, ಮಧ್ಯಾಹ್ನ ಸೊಟ್ಟ. ಕೆಸರು ಅದೇ, ಕೋಣ ಅದೇ, ಓಟಗಾರನೂ ಅದೇ. ನನಗೆ ತಲೆಬುಡ ತಿಳಿಯಲಿಲ್ಲ.

ಹಾಗಾದರೆ ನೆರಳು ಎಂದು ತೀರ್ಮಾನಿಸಿದೆ. ಕುದುರೆಗಳು ನೆಲದ ಮೇಲಿನ ನೆರಳಿಗೆ ಬೆಚ್ಚುತ್ತವೆ. ಅದಕ್ಕಾಗಿಯೇ ಕೆಲವು ಕುದುರೆಗಳ ಮೂಗಿನ ಮೇಲೆ ಉಣ್ಣೆಯ ದಪ್ಪ ಪಟ್ಟಿ ಕಟ್ಟುತ್ತಾರೆ, ಕಾಲ ಬುಡದ ನೆರಳು ಕಾಣದಿರಲಿ ಎಂದು. ಮಧ್ಯಾಹ್ನದ ಮೇಲೆ ಗ್ಯಾಲರಿಯ ಕಂಬಗಳ ನೆರಳು ಪಡುಕರೆಯ ಮೇಲೆ ಬೀಳುತ್ತಿತ್ತು. ಬೆಳಿಗ್ಗೆ ಇರಲಿಲ್ಲ. ಎಲ್ಲವೂ ಕೂಡಿಬಂತು ಎಂದು ಖುಷಿಯಾಗಿ ಚಪ್ಪರದ ಬಟ್ಟೆ ಇಳಿಸಿದೆ, ಎರಡು ಕಂಬ ಕೀಳಿಸಿದೆ. ಅಧ್ಯಕ್ಷರು ತಮ್ಮ ಹಲ್ಲು ಕಿತ್ತ ಹಾಗೆ ಮುಖ ಮಾಡಿದರು. ನೆರಳಿಲ್ಲದ ಬಯಲಿನಲ್ಲಿ ಕೋಣಗಳನ್ನು ಬಿಟ್ಟೆವು. ವಾಲಿದವು. ಮೋಡ ಕವಿದ ಹೊತ್ತಿನಲ್ಲಿ, ಯಾವ ನೆರಳೂ ಇಲ್ಲದಾಗ ಬಿಟ್ಟೆವು. ಆಗಲೂ ವಾಲಿದವು. ನೆರಳಿಗೆ ಬೆಚ್ಚುವ ಪ್ರಾಣಿ ನೆರಳಿನಿಂದ ದೂರ ಹೋಗಬೇಕು, ಇವು ಗ್ಯಾಲರಿಯ ಕಡೆಗೇ ಹೋಗುತ್ತಿವೆ ಎಂಬುದು ಕಂಬ ಕಿತ್ತ ಮೇಲೆ ನನ್ನ ಮಂಡೆಗೆ ಹೋಯಿತು.

ಕಡಬದಿಂದ ಪಶುವೈದ್ಯರು ಬಂದರು. ಗೊರಸು ಒತ್ತಿ ನೋಡಿದರು, ಕಣ್ಣಿನೆದುರು ಬಟ್ಟೆ ಬೀಸಿದರು, ಕುತ್ತಿಗೆಯಲ್ಲಿ ನೊಗದ ಗಾಯ ಇದೆಯೇ ಎಂದು ತಡಕಿದರು. "ನಮ್ಮಿಬ್ಬರಿಗಿಂತ ಗಟ್ಟಿ ಇದ್ದಾವೆ," ಎಂದು ಕೈ ತೊಳೆದರು. ಅದೇ ದಿನ ಸುಳ್ಯದ ಕಡೆಯಿಂದ ಎರಡು ಜೋಡಿ ಕುದಿಗೆ ಬಂದಿದ್ದವು. ಒಂದು ನೇರ ಓಡಿತು. ಹಾಗಾದರೆ ಕರೆ ಸರಿ ಇದೆ ಎಂದುಕೊಳ್ಳುವಷ್ಟರಲ್ಲಿ ಇನ್ನೊಂದು ಅದೇ ಜಾಗದಲ್ಲಿ ಸಣ್ಣಗೆ ಎಡಕ್ಕೆ ಸರಿಯಿತು. ಊರಿನ ಬೇರೆ ಜೋಡಿಗಳಲ್ಲಿ ಒಂದು ವಾಲಿತು, ಒಂದು ವಾಲಲಿಲ್ಲ. ನಾನು ಕಂಡದ್ದನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ಇಡಲು ನೋಡಿದೆ. ಒಂದನ್ನು ಇಟ್ಟರೆ ಇನ್ನೊಂದು ಜಾರುತ್ತಿತ್ತು.

ದಿನ ಹತ್ತಿರವಾಗುತ್ತಿತ್ತು. ಕಬಕದ ಮನೆಯಲ್ಲಿ ಊಟಕ್ಕೆ ಕೂತರೂ ನನ್ನ ತಲೆಯಲ್ಲಿ ಅದೇ ದಂಡೆ. ಸಹಿ ಹಾಕಿದರೆ ಜನರ ಮೇಲೆ ಕೋಣ ನುಗ್ಗಬಹುದು, ಹಾಕದಿದ್ದರೆ ಊರಿನ ಕಂಬಳ ನಿಲ್ಲುತ್ತದೆ. ಅತ್ತ ದರಿ ಇತ್ತ ಪುಲಿ. ನಡುವೆ ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡ ಆ ಓಟಗಾರ. ಸಮಿತಿಯ ಸಭೆಯಲ್ಲಿ ಒಬ್ಬರು ಕರೆಯದ್ದೇ ದೋಷ ಎಂದರು, ಒಬ್ಬರು ನಾನು ಮಣ್ಣು ಕಲಕಿದ್ದೇ ದೋಷ ಎಂದರು. ಕೊನೆಗೆ ಎಲ್ಲರಿಗೂ ಸುಲಭವಾಗಿ ಸಿಕ್ಕವನು ಓಟಗಾರ. ಅವನು ಎಡಗೈಯವನು, ಹಗ್ಗ ಎಡಕ್ಕೆ ಬೀಳುತ್ತದೆ ಎಂದು ಯಾರೋ ಕಂಡುಹಿಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು.

"ನಾಳೆಯಿಂದ ಹೊಸಬ," ಎಂದರು ಅಕ್ಕ. ಓಟಗಾರ ಬಾಗಿಲ ಬಳಿಯೇ ಇದ್ದ. ಸರಿ ಎಂದ. ಹೊರಗೆ ಹೋಗಿ ಕೋಣಗಳ ಬೆನ್ನಿಗೆ ಎಣ್ಣೆ ಉಜ್ಜತೊಡಗಿದ, ಇವತ್ತಿನ ಕೆಲಸ ಇವತ್ತಿಗೆ ಎನ್ನುವ ಹಾಗೆ. ನನಗೆ ತಡೆಯಲಾಗದ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಿಲ್ಲ. ಬಹುಶಃ ಇಷ್ಟು ವರ್ಷ ಟ್ರ್ಯಾಕಿನ ಮೇಲೆ ಬದುಕಿಯೂ ಇಷ್ಟು ಸಣ್ಣ ವಿಷಯ ಹಿಡಿಯಲಾಗದ ನನ್ನ ಮೇಲೆಯೇ.

"ಹೊಸಬನನ್ನು ತರುವ ಮೊದಲು ಹಳಬನನ್ನು ತೆಗೆದು ನೋಡುವ," ಎಂದೆ. "ಓಟಗಾರ ಬೇಡ, ಬಾರುಕೋಲು ಬೇಡ, ಕೂಗು ಬೇಡ. ನೊಗ ಕಟ್ಟಿ, ಗಂತಿನಲ್ಲಿ ಬಿಡಿ. ಅವುಗಳ ಪಾಡಿಗೆ ನಡೆಯಲಿ."

"ಎಂತ, ಖಾಲಿ ಕೋಣ ಬಿಡುದಾ? ಓಡಿ ಹೋದ್ರೆ ನೀವು ಹಿಡಿತೀರಾ?" ಎಂದು ಅಕ್ಕ ಕಣ್ಣು ಕೆಂಪು ಮಾಡಿದರು.

"ನಾನು ಹಿಡಿದದ್ದೆಲ್ಲ ಕುದುರೆ. ಕೋಣ ಹಿಡಿಯುವವರು ಹಿಂದೆ ಬರಲಿ. ಮುಟ್ಟುದು ಬೇಡ, ಅಷ್ಟೇ."

ಅದರಿಂದ ಏನು ತಿಳಿಯುತ್ತದೆ ಎಂದು ನನಗೂ ಗೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ. ಲೆಕ್ಕದಿಂದ ಒಂದೊಂದನ್ನೇ ತೆಗೆದು ನೋಡುವುದು ನಮ್ಮ ಕೆಲಸದ ಅಭ್ಯಾಸ. ಕೆಸರು ತೆಗೆದಾಯಿತು, ನೆರಳು ತೆಗೆದಾಯಿತು, ರೋಗ ತೆಗೆದಾಯಿತು. ಉಳಿದವನು ಮನುಷ್ಯ.

ಮಧ್ಯಾಹ್ನದ ಸುಡು ಬಿಸಿಲು. ಮೊದಲು ಮೂಡುಕರೆಯಲ್ಲಿ ಒಂದು ಓಟ ಓಡಿಸಿ ಮೈ ಬಿಸಿ ಮಾಡಿಸಿದರು. ಆಮೇಲೆ ಜೋಡಿಯನ್ನು ಪಡುಕರೆಯ ಗಂತಿನಲ್ಲಿ ನಿಲ್ಲಿಸಿ ಕೈಬಿಟ್ಟರು. ಕೋಣಗಳು ಒಂದು ಗಳಿಗೆ ನಿಂತು, ಹಿಂದೆ ಯಾರೂ ಇಲ್ಲವೆಂದು ಕಿವಿ ತಿರುಗಿಸಿ ಖಾತ್ರಿ ಮಾಡಿಕೊಂಡು, ನಡೆಯತೊಡಗಿದವು. ಗಡಿಬಿಡಿ ಇಲ್ಲ. ಕರೆಯ ನಡುವೆಯೇ ನಡೆದವು. ಗ್ಯಾಲರಿಯ ಹತ್ತಿರ ಬಂದವು. ಎಡಕ್ಕೆ ತಿರುಗಿದವು. ದಂಡೆಯ ಬುಡಕ್ಕೆ ಹೋಗಿ, ಮರಳಿನ ಚೀಲದ ಮೇಲೆ ಗದ್ದ ಇಟ್ಟು ನಿಂತವು. ದಾಟಲು ನೋಡಲಿಲ್ಲ, ಹಾಯಲಿಲ್ಲ. ಅಲ್ಲಿ ಯಾರೋ ಬಂದು ಬಾಗಿಲು ತೆಗೆಯುತ್ತಾರೆ ಎಂಬಂತೆ ಸುಮ್ಮನೆ ಕಾದು ನಿಂತವು.

ನಾವೆಲ್ಲ ದಂಡೆಯ ಬಳಿಗೆ ಓಡಿದೆವು. ಆಮೇಲೆ ಅಧ್ಯಕ್ಷರ ಕೈಯಿಂದ ಕೊಡೆ ಜಾರಿತು.

"ಅಯ್ಯೋ ದೇವರೇ. ಅಲ್ಲಿ ದಾರಿ ಇತ್ತಲ್ಲ!"

ವಿಷಯ ಇಷ್ಟೇ. ಕರೆ ಕಟ್ಟುವಾಗ ಮಂಜೊಟ್ಟಿಯ ಏರು ಮುಗಿದಿರಲಿಲ್ಲ. ಆದರೆ ಊರಿನವರಿಗೆ ತಾಳ್ಮೆ ಎಲ್ಲಿ? ಓಟಗಾರ ಸುಳ್ಯದಲ್ಲಿದ್ದ ವಾರದ ದಿನಗಳಲ್ಲಿ ಊರ ಹುಡುಗರೇ ಮುಗಿಯದ ಕರೆಯಲ್ಲಿ ಕುದಿ ಶುರುಮಾಡಿದ್ದರು. ಕೋಣಗಳನ್ನು ಮುಕ್ಕಾಲು ದೂರ ಓಡಿಸಿ, ಹೊರದಂಡೆಯಲ್ಲಿ ಬಿಟ್ಟಿದ್ದ ಕಂಡಿಯಿಂದ ಆಚೆ ಇಳಿಸಿ, ತೋಡಿನ ನೀರಿನಲ್ಲಿ ಮಲಗಿಸುತ್ತಿದ್ದರು. ಓಡಿ ಬೆಂದ ಮೈಗೆ ತಣ್ಣೀರು. ಆಮೇಲೆ ಮಂಜೊಟ್ಟಿ ಎದ್ದಿತು, ಕಂಡಿಗೆ ಮಣ್ಣು ತುಂಬಿದರು, ಅದರ ಮೇಲೆ ಗ್ಯಾಲರಿ ಬಂತು. ಮನುಷ್ಯರೆಲ್ಲ ಮರೆತರು. ಬೆಳಗಿನ ತಂಪಿನಲ್ಲಿ ಕೋಣಗಳಿಗೂ ಅದರ ನೆನಪಾಗುತ್ತಿರಲಿಲ್ಲ. ಬಿಸಿಲಿಗೋ ಸೆಕೆಗೋ ಓಟಕ್ಕೋ ಮೈ ಕಾದರೆ ಮಾತ್ರ ಅವು ನೀರಿನ ಬಾಗಿಲಿಗೆ ಹೋಗುತ್ತಿದ್ದವು.

"ಇಷ್ಟು ದಿನ ಯಾಕೆ ಹೇಳಲಿಲ್ಲ ನೀವು?" ಎಂದು ನಾನು ಕಿರುಚಿದೆ.

"ನೀವು ಕೇಳಿದ್ದು ಕೆಸರು ಎಷ್ಟು ಆಳ ಉಂಟು ಅಂತ ಸಾಯ್ಬ್ರೆ. ಹೇಳಿದೆವಲ್ಲ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಮೈದಾನದಲ್ಲಿ ಲಾಯದ ಕಡೆಯ ಗೇಟಿನ ಹತ್ತಿರ ಬಂದಾಗ ಕುದುರೆಗಳು ಅತ್ತ ವಾಲುವುದು ಮಾಮೂಲು, ಜಾಕಿಗಳಿಗೆ ನಾವೇ ಎಚ್ಚರಿಕೆ ಹೇಳುತ್ತೇವೆ. ಮನೆಗೆ ಹೋಗುವ ದಾರಿ ಕುದುರೆಗೆ ಗೊತ್ತಿರುತ್ತದೆ ಎಂದು ತಿಳಿದಿದ್ದ ನನಗೆ ಕೋಣಕ್ಕೂ ಗೊತ್ತಿರಬಹುದು ಎನಿಸಲಿಲ್ಲ.

ಅಕ್ಕ ಕರೆಗೆ ಇಳಿದು ಕೋಣಗಳ ಹಣೆ ಸವರಿದರು. "ಎತ್ತು ಏರಿಗೆ, ಕೋಣ ನೀರಿಗೆ ಅಂತ ಅಜ್ಜಂದಿರು ಸುಮ್ಮನೆ ಹೇಳಿದ್ದಾ," ಎಂದರು. ಓಟಗಾರನ ಕಡೆ ನೋಡಲಿಲ್ಲ. ನೋಡಲು ಅವರಿಗೆ ಕಷ್ಟವಾಗುತ್ತಿತ್ತು ಎಂದು ನನಗನಿಸಿತು.

ಕಾರಣ ಸಿಕ್ಕಿತು, ಕಷ್ಟ ಹೋಗಲಿಲ್ಲ. ಉಳಿದ ದಿನಗಳಲ್ಲಿ ಕೋಣಗಳಿಂದ ಆ ದಾರಿ ಮರೆಸಬೇಕು. ತೋಡಿನ ಕಡೆಗೆ ಅವುಗಳನ್ನು ಒಯ್ಯಲೇಬಾರದು ಎಂದೆ. ಮಂಜೊಟ್ಟಿಯ ಮೇಲೆ ಟಾರ್ಪಾಲು ಹಾಸಿ ನೀರಿನ ಹೊಂಡ ಮಾಡಿಸಿದೆ. ಬಿಸಿಲಿನಲ್ಲೇ ಜೋಡಿಯನ್ನು ನಡೆಸುವುದು, ಗ್ಯಾಲರಿ ದಾಟಿಸುವುದು, ಮೇಲೆ ಹತ್ತಿದ ಮೇಲಷ್ಟೇ ನೀರು. ನಡಿಗೆ ಸರಿಯಾದ ಮೇಲೆ ನಿಧಾನ ಓಟ. ಹೊಸಬನ ಮಾತನ್ನು ಯಾರೂ ಎತ್ತಲಿಲ್ಲ, ಬೇಡವೆಂದೂ ಹೇಳಲಿಲ್ಲ. ಓಟಗಾರ ಕುಂಟುತ್ತಲೇ ಕೋಣಗಳ ಜೊತೆ ನಡೆದ, ಅವುಗಳ ಕಿವಿಗೆ ಏನೋ ಹೇಳುತ್ತಾ. ಕೋಣನ ಮುಂದೆ ಕಿನ್ನರಿ ಎಂದು ಅಧ್ಯಕ್ಷರು ತಮಾಷೆ ಮಾಡಿದರು. ಒಂದು ದಿನ ದಾಟುತ್ತಿದ್ದವು, ಮರುದಿನ ಗದ್ದ ಇಡುತ್ತಿದ್ದವು. ಮರೆತವೋ ಇಲ್ಲವೋ ಹೇಳಬಲ್ಲವರು ಯಾರು?

ಸಹಿ ಹಾಕುವ ಬೆಳಿಗ್ಗೆ ನಾನು ಅಧ್ಯಕ್ಷರಿಗೆ ಹೇಳಿದೆ. "ಗ್ಯಾಲರಿ ತೆಗೀಬೇಕು. ಆ ಜಾಗದಲ್ಲಿ ಒಂದು ನರಪಿಳ್ಳೆಯೂ ಇರಬಾರದು. ಕೋಣ ವಾಲಿದರೆ ವಾಲಲಿ, ಖಾಲಿ ಜಾಗಕ್ಕೆ ವಾಲಲಿ."

"ಅತಿಥಿಗಳನ್ನು ನನ್ನ ತಲೆ ಮೇಲೆ ಕೂರಿಸುದಾ?"

"ಮೂಡು ಬದಿಯಲ್ಲಿ ಕೂರಿಸಿ. ಇಲ್ಲದಿದ್ರೆ ನನ್ನ ಸಹಿ ಇಲ್ಲ."

ಅವರು ಕೊಡೆ ಕೆಳಗಿಟ್ಟು, ತಾವೇ ಹೋಗಿ ಮೊದಲ ಕಂಬಕ್ಕೆ ಕೈ ಹಾಕಿದರು.

ಕಂಬಳದ ದಿನ ಮಧ್ಯಾಹ್ನ, ಹಗ್ಗ ಹಿಡಿದು ಓಡುವ ವಿಭಾಗದಲ್ಲಿ ಚೀಟಿ ಎತ್ತಿದಾಗ ಅಕ್ಕನ ಜೋಡಿಗೆ ಬಂದದ್ದು ಪಡುಕರೆ. ಮೈಕಿನಲ್ಲಿ ಹೇಳಿದ ಕೂಡಲೇ ಖಾಲಿ ಮಾಡಿಸಿದ ಜಾಗದ ಹಿಂದೆ ಅಡ್ಡ ಕಟ್ಟಿದ ಬೊಂಬಿನ ಆಚೆ ಹೋಗಿ ನಿಂತೆ. ನೆತ್ತಿಯ ಮೇಲೆ ಸೂರ್ಯ. ಗಂತಿನಲ್ಲಿ ಎರಡು ಜೋಡಿಯೂ ಸರಿಯಾಗಿ ನಿಲ್ಲದೆ ತಡವಾಯಿತು. ತಡವಾದಷ್ಟೂ ಮೈ ಕಾಯುತ್ತದೆ ಎಂಬ ಒಂದೇ ಯೋಚನೆ ನನಗೆ.

ಬಿಟ್ಟರು. ನೀರು ಎರಡು ಆಳೆತ್ತರಕ್ಕೆ ಎದ್ದಿತು. ಅಕ್ಕನ ಜೋಡಿ ಮುಂದಿತ್ತು. ನನ್ನ ಎದುರಿಗೆ ಬರುವಾಗ ಎಡದ ಕೋಣದ ಕಿವಿ ತೋಡಿನ ಕಡೆ ತಿರುಗಿದ್ದನ್ನು ಕಂಡೆ. ನೊಗ ಸಣ್ಣಗೆ ಓರೆಯಾಯಿತು. ಓಟಗಾರ ಬಾರುಕೋಲು ಎತ್ತಲಿಲ್ಲ. ಹಗ್ಗವನ್ನೂ ಎಳೆಯಲಿಲ್ಲ, ಸಡಿಲ ಬಿಟ್ಟ. ಆ ನಡೆದಾಟದ ದಿನಗಳಲ್ಲಿ ಕಿವಿಯ ಬಳಿ ಹೇಳುತ್ತಿದ್ದುದನ್ನೇ ಈಗ ದೊಡ್ಡದಾಗಿ ಕೂಗಿದ. "ಮೇಲೆ! ಮೇಲೆ ಉಂಟು ನೀರು, ಮೇಲೆ!" ಕೋಣಗಳು ಒಂದು ಹೆಜ್ಜೆ ತಡವರಿಸಿದವು. ಆಮೇಲೆ ನೇರವಾದವು. ಮಂಜೊಟ್ಟಿ ಹತ್ತಿದವು.

ಸೋತವು. ಆ ಒಂದು ಹೆಜ್ಜೆಯಲ್ಲಿ ಮೂಡುಕರೆಯ ಜೋಡಿ ಮೂತಿಯಷ್ಟು ಮುಂದೆ ಹೋಗಿತ್ತು. ನೇರ ಓಡಿದ್ದಕ್ಕೆ ಸಂತೋಷ ಪಡಬೇಕೋ, ನಾನು ಕಲಿಸಿದ ಹೊಸ ದಾರಿಯ ಗೊಂದಲದಿಂದಲೇ ಅವು ಸೋತವೋ ಎಂದು ಗೊತ್ತಾಗದೆ ಮಂಜೊಟ್ಟಿಗೆ ಓಡಿದೆ. ಅಕ್ಕ ಆಗಲೇ ಅಲ್ಲಿದ್ದರು. ಓಟಗಾರ ತಲೆ ತಗ್ಗಿಸಿ ನಿಂತಿದ್ದ. ಅಕ್ಕ ತಮ್ಮ ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಅವನ ಕೊರಳಿಗೆ ಹಾಕಿದರು.

"ಎಂತ ನೋಡುದು? ಕೋಣಕ್ಕೆ ನೀರು ಹೇಳಿದ್ದಿ, ಕೊಡು ಮೊದಲು. ಸುಳ್ಳು ಹೇಳಿದ ಹಾಗೆ ಆಗ್ಬಾರ್ದು. ಮುಂದಿನ ವಾರ ಹಟ್ಟಿಗೆ ಬಾ, ಕಾಲು ಸರಿ ಮಾಡ್ಕೊಂಡು."

ಸುಳ್ಯದ ಆ ಇನ್ನೊಂದು ಜೋಡಿ, ತೋಡನ್ನು ಕಂಡೇ ಇರದಿದ್ದ ಜೋಡಿ, ಅವತ್ತು ಯಾಕೆ ಎಡಕ್ಕೆ ಸರಿಯಿತು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ಕೇಳಿದರೆ ಪಶುವೈದ್ಯರು ಒಂದು ಹೇಳುತ್ತಾರೆ, ಅಧ್ಯಕ್ಷರು ಇನ್ನೊಂದು. ನಾನು ಕೇಳುವುದನ್ನು ಬಿಟ್ಟಿದ್ದೇನೆ.

ಕಂಬಳ ಮುಗಿದ ಮರುದಿನ ಬೊಂಬು ಬಿಚ್ಚಿಸಲು ಹೋಗಿದ್ದೆ. ಓಟಗಾರ ಜೋಡಿಯನ್ನು ಮೈ ಸಡಿಲಿಸಲು ಕರೆಯಲ್ಲಿ ನಡೆಸುತ್ತಿದ್ದ. ನೊಗವಿಲ್ಲ, ಅವಸರವಿಲ್ಲ. ಗ್ಯಾಲರಿ ಇದ್ದ ಜಾಗಕ್ಕೆ ಬಂದಾಗ ಅವು ತಿರುಗಿದವು. ಚೀಲಗಳ ಮೇಲೆ ಗದ್ದ ಇಟ್ಟು ನಿಂತವು.

"ಮರೆತಿಲ್ಲ ಸಾಯ್ಬ್ರೆ," ಎಂದ ಅವನು. "ನಿನ್ನೆ ನನ್ನ ಮಾತು ಕೇಳಿದ್ದು, ಅಷ್ಟೇ."

ನಾನು ಕೆಲಸದವರ ಕೈಯಿಂದ ಹಾರೆ ತೆಗೆದುಕೊಂಡೆ. ಚೀಲಗಳನ್ನು ಎಳೆದು ಹಾಕಿ ಮೆತ್ತಗಿನ ಮಣ್ಣು ಅಗೆಯತೊಡಗಿದೆ. ಅವನೂ ಬಂದು ಕೈ ಹಾಕಿದ. ಕಂಡಿ ಮೊಣಕಾಲೆತ್ತರಕ್ಕೆ ಇಳಿಯುವವರೆಗೂ ಕೋಣಗಳು ಕಾದವು. ಆಮೇಲೆ ನಮ್ಮಿಬ್ಬರನ್ನೂ ಪಕ್ಕಕ್ಕೆ ತಳ್ಳಿ, ತೋಡಿಗೆ ಇಳಿದು, ಮೂಗಿನವರೆಗೆ ನೀರಿನಲ್ಲಿ ಮಲಗಿದವು.